ಐದು ಬೆರಳಿಗೂ ಕೆಲಸ ಕೊಡಿ



ನಮ್ಮ ಶಾಲೆಯ ಹಾರ್ಮೋನಿಯಂ ಮುಂದೆ ಕೂತವರನ್ನು ನೋಡಿ. ಹೆಚ್ಚಿನವರು ತೋರುಬೆರಳು ಒಂದರಿಂದಲೇ ಕುಟ್ಟುತ್ತಾರೆ. ಕೇಳಿದರೆ, "ಮೊದಲು ಹಾಡು ಬರಲಿ, ಬೆರಳು ಆಮೇಲೆ ತಾನಾಗೇ ಸರಿಹೋಗುತ್ತೆ" ಅಂತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಹಾರ್ಮೋನಿಯಂ ಒಳಗೆ ಹಿತ್ತಾಳೆಯ ಸಣ್ಣ ಸಣ್ಣ ನಾಲಗೆಗಳಿವೆ. ಪಟ್ಟಿ ಒತ್ತಿದಾಗ ಗಾಳಿ ನುಗ್ಗಿ ನಾಲಗೆ ಅದುರುತ್ತದೆ, ಸ್ವರ ಬರುತ್ತದೆ. ಬೆರಳು ಎತ್ತಿದ ಕೂಡಲೇ ಸ್ವರ ನಿಲ್ಲುತ್ತದೆ. ಪಿಯಾನೋದಲ್ಲಾದರೆ ಕಾಲಿನಿಂದ ಪೆಡಲ್ ಒತ್ತಿ ಸ್ವರವನ್ನು ಉಳಿಸಿಕೊಳ್ಳಬಹುದು. ನಮ್ಮ ಪೆಟ್ಟಿಗೆಗೆ ಆ ಅನುಕೂಲ ಇಲ್ಲ. ಒಂದೇ ಬೆರಳು ಹಾರಿ ಹಾರಿ ಹೋದರೆ ಹಾಡು ತುಂಡು ತುಂಡಾಗುತ್ತೆ.

ಸ್ವರ ಎಂಟು, ಬೆರಳು ಐದು. ಹಾಗಾದರೆ ಹೇಗೆ? ಹೆಬ್ಬೆರಳು 1, ಕಿರುಬೆರಳು 5 ಎಂದು ಎಣಿಸಿ. ಬರೀ ಬಿಳಿ ಪಟ್ಟಿಗಳ ಮೇಲೆ ನುಡಿಸುವಾಗ ಸ ರಿ ಗ ಸ್ವರಗಳಿಗೆ ಬಲಗೈಯ 1, 2, 3. ಆಮೇಲೆ ಹೆಬ್ಬೆರಳು ಉಳಿದ ಬೆರಳುಗಳ ಕೆಳಗೆ ಮೆಲ್ಲಗೆ ನುಸುಳಿ ಮ ಒತ್ತಬೇಕು. ಪ ದ ನಿ ಸ ಸ್ವರಗಳಿಗೆ 2, 3, 4, 5. ಎಲ್ಲೂ ಸ್ವರ ಕಡಿಯುವುದಿಲ್ಲ. ಸ ಕರಿ ಪಟ್ಟಿಯಲ್ಲಿದ್ದರೆ ಮಾತ್ರ ತೋರುಬೆರಳಿನಿಂದ ಶುರು ಮಾಡಬೇಕು. ಯಾಕೆಂದರೆ ಕರಿ ಪಟ್ಟಿ ಹಿಂದಕ್ಕಿದೆ, ಗಿಡ್ಡ ಹೆಬ್ಬೆರಳಿಗೆ ಅದು ಕಷ್ಟ.

ಇದು ದೊಡ್ಡ ದೊಡ್ಡವರೂ ಯೋಚಿಸಿದ ವಿಷಯ. ಯುರೋಪಿನಲ್ಲಿ ಹಿಂದೆ ಇಂಥ ವಾದ್ಯಗಳಿಗೆ ಹೆಬ್ಬೆರಳನ್ನು ಅಷ್ಟಾಗಿ ಬಳಸುತ್ತಿರಲಿಲ್ಲ. ಜರ್ಮನಿಯ ಸಂಗೀತಗಾರ ಕಾರ್ಲ್ ಫಿಲಿಪ್ ಇಮ್ಯಾನುಯೆಲ್ ಬಾಖ್ ಅವರು 1753ರಲ್ಲಿ ಒಂದು ಪುಸ್ತಕ ಬರೆದು, ಹೆಬ್ಬೆರಳು ಎಷ್ಟು ಮುಖ್ಯ ಎಂದು ತಿಳಿಸಿಕೊಟ್ಟರು.

"ಇರೋದೇ ಒಂದು ಪೆಟ್ಟಿಗೆ, ಸರದಿ ಸಿಗೋದು ಐದು ನಿಮಿಷ. ಅದರಲ್ಲಿ ಬೆರಳು ಎಣಿಸ್ತಾ ಕೂರೋದಾ?" ಎಂದು ಕೆಲವರು ಕೇಳುತ್ತಾರೆ. ಆದರೆ ಬೆರಳಿನ ಪಾಠಕ್ಕೆ ಪೆಟ್ಟಿಗೆಯೇ ಬೇಕಾಗಿಲ್ಲ. ಒಂದು ರಟ್ಟಿನ ಮೇಲೆ ಪಟ್ಟಿಗಳನ್ನು ಬರೆದುಕೊಳ್ಳಿ. ಬಾಯಲ್ಲಿ ಸ್ವರ ಹೇಳುತ್ತಾ ಅದರ ಮೇಲೆ ಬೆರಳು ಓಡಿಸಿ. ಸರದಿ ಬಂದಾಗ ಐದು ನಿಮಿಷವೂ ಹಾಡಿಗೇ ಸಿಗುತ್ತೆ.

ಈ ವರ್ಷ ಪ್ರಾರ್ಥನೆಗೆ ನುಡಿಸುವವರು ಏಳನೇ ತರಗತಿಯವರು. ಮುಂದಿನ ವರ್ಷ ನಾವು ಬೇರೆ ಶಾಲೆಗೆ ಹೋಗುತ್ತೇವೆ. ಆಮೇಲೆ ಪೆಟ್ಟಿಗೆಗೆ ಬಟ್ಟೆ ಹೊದಿಸಿ ಬೀರುವಿನ ಮೇಲೆ ಇಡೋದಾ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಒಂದೇ ಬೆರಳಿನ ರೂಢಿ ಬಿದ್ದ ಮೇಲೆ ಬಿಡಿಸುವುದು ಬಹಳ ಕಷ್ಟ. ಅದಕ್ಕೇ ಐದನೇ ತರಗತಿಯ ತಮ್ಮ ತಂಗಿಯರಿಗೆ ಈಗಿನಿಂದಲೇ ಐದೂ ಬೆರಳು ಕಲಿಸಬೇಕು. ಶನಿವಾರ ಅರ್ಧ ಗಂಟೆ ಇದಕ್ಕೆ ಕೊಡಬೇಕೆಂದು ಗುರುಗಳಲ್ಲಿ ನನ್ನ ವಿನಂತಿ. ರಟ್ಟು ನಾವು ತರುತ್ತೇವೆ.

– 7ನೇ ತರಗತಿಯ ವಿದ್ಯಾರ್ಥಿನಿ