ಪಕ್ಕದ ಮನೇಲಿ ಕೊಟ್ಟುಬಿಡಿ

ಹೋದ ತಿಂಗಳು ನಮ್ಮ ಮನೆಯಲ್ಲಿ 19 ದಿನ ಒಬ್ಬರು ಅತಿಥಿ ಇದ್ದರು. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಕಂದು ಬಣ್ಣ, ಮೈತುಂಬಾ ಟೇಪು. ಪಕ್ಕದ ಮನೆಯವರ ಪಾರ್ಸೆಲ್ಲು.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇರೋರಿಗೆ ಮುಂದಿನದ್ದನ್ನ ಬಿಡಿಸಿ ಹೇಳಬೇಕಿಲ್ಲ. ಮಂಗಳವಾರ ಮಧ್ಯಾಹ್ನ. ನಾನು ಮೀಟಿಂಗಿನಲ್ಲಿದ್ದೆ. ತಿಪಟೂರು ಕಡೆಯ ನಮ್ಮ ಹಳ್ಳಿಯಿಂದ ಬಂದಿದ್ದ ಅಮ್ಮ ಬಾಗಿಲು ತೆಗೆದಳು. ಡೆಲಿವರಿ ಹುಡುಗ ಫೋನನ್ನ ಸ್ಪೀಕರಿಗೆ ಹಾಕಿಕೊಂಡು ನಿಂತಿದ್ದ. ಆ ಕಡೆಯಿಂದ ದನಿ ಬಂತು: "ಪಕ್ಕದ ಮನೇಲಿ ಕೊಟ್ಟುಬಿಡಿ. ಅವ್ರು ವರ್ಕ್ ಫ್ರಂ ಹೋಮು, ಇದ್ದೇ ಇರ್ತಾರೆ."

ಗಮನಿಸಿ. ಮಾತು ನಡೆದದ್ದು ಹುಡುಗನ ಜೊತೆ. ಇಟ್ಕೋಬಹುದಾ ಅಂತ ನಮ್ಮನ್ನ ಯಾರೂ ಕೇಳಲಿಲ್ಲ. ಅಮ್ಮನಿಗೆ ಅದು ಕೇಳಬೇಕಾದ ವಿಷಯವೇ ಅಲ್ಲ ಅನ್ನಿ. "ಕೊಡಪ್ಪ, ಸಂಜೆ ಬಂದು ಇಸ್ಕೋತಾರೆ" ಅಂತ ಕೈಚಾಚಿದಳು. ಹುಡುಗ ಒಂದು ಫೋಟೋ ಹೊಡೆದುಕೊಂಡ, ನೀರು ಕೇಳಿ ಕುಡಿದ, ಹೋದ.

ಸಂಜೆ ಅಮ್ಮ ಫ್ಲಾಸ್ಕಿನಲ್ಲಿ ಕಾಫಿ ಎತ್ತಿಟ್ಟಳು. ಸಾಮಾನು ಇಸ್ಕೊಳ್ಳೋಕೆ ಬಂದ ಪಕ್ಕದ ಮನೆಯವರನ್ನ ಹೊಸಿಲಲ್ಲೇ ನಿಲ್ಲಿಸಿ ಕಳಿಸೋದು ಹೆಂಗೆ? ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೇ ದಿನ ಡಬ್ಬಿಯನ್ನ ಹೊತ್ತುಕೊಂಡು ಹೋಗಿ ತಾನೇ ಬೆಲ್ ಒತ್ತಿದಳು. ಹಾಗೇ ಹೊತ್ತುಕೊಂಡು ವಾಪಸು ಬಂದಳು. "ಬೆಲ್ಲೇ ಮಾತಾಡ್ತು ಕಣೋ. ಬಾಗಿಲ ಹತ್ರ ಇಟ್ಟು ಹೋಗಿ ಅಂತು. ಯಾರು ಅಂತಲೂ ಕೇಳಲಿಲ್ಲ. ಒಬ್ರ ಸಾಮಾನನ್ನ ಹಂಗೆ ದಾರೀಲಿ ಇಟ್ಟು ಬರೋಕಾಗುತ್ತಾ?" ಅಂದಳು.

ಕ್ಯಾಮೆರಾ ಇರೋ ಬೆಲ್ಲು ಅದು. ಮನೆಯವರು ಎಲ್ಲೋ ಆಫೀಸಿನಲ್ಲಿ ಕೂತು ಮಾತಾಡ್ತಾರೆ. ಬಂದವರು ಯಾರೇ ಇರಲಿ, ಉತ್ತರ ಒಂದೇ.

ಆರನೇ ದಿನ ನಾನು ವಾಟ್ಸ್ಯಾಪಿನಲ್ಲಿ ಮೆಸೇಜು ಹಾಕಿದೆ. ಎರಡು ನೀಲಿ ಗೆರೆ, ಒಂದು ಹೆಬ್ಬೆರಳು. ಅಷ್ಟೇ. ಎರಡನೇ ಭಾನುವಾರ ಅಮ್ಮ ಊರಿಗೆ ಹೊರಟಳು. ಬಸ್ ಹತ್ತುವಾಗ ಹೇಳಿದ ಕೊನೆಯ ಮಾತು, "ಆ ಡಬ್ಬಿ ಮರೀಬೇಡ."

ಇಷ್ಟು ಸಣ್ಣ ವಿಷಯಕ್ಕೆ ಒಂದು ಬರಹವಾ ಅಂತ ನಿಮಗೆ ಅನ್ನಿಸಬಹುದು. ಗೆಳೆಯರೂ ಅದನ್ನೇ ಅಂದರು. "ನೀನ್ಯಾಕೆ ತಗೊಂಡೆ? ಬೇಡ ಅಂದಿದ್ರೆ ಆಗ್ತಿತ್ತು." ಬುದ್ಧಿವಂತರ ಮಾತು. ಆದರೆ ಬೇಡ ಅಂದರೆ ತೊಂದರೆ ಆಗೋದು ಯಾರಿಗೆ? ಆರ್ಡರ್ ಮಾಡಿದವರಿಗಲ್ಲ, ಕಂಪನಿಗಲ್ಲ. ಬಾಗಿಲಲ್ಲಿ ಬೆವರಿಳಿಸ್ತಾ ನಿಂತ ಹುಡುಗನಿಗೆ. ಅವನು ಅದೇ ಡಬ್ಬಿಯನ್ನ ನಾಳೆ ಮತ್ತೆ ಹೊತ್ತು ತರಬೇಕು. ನಾವು ಪಾರ್ಸೆಲ್ಲು ಇಸ್ಕೊಳ್ಳೋದು ಪಕ್ಕದ ಮನೆಯವರ ಮೇಲಿನ ಪ್ರೀತಿಗಿಂತ ಹೆಚ್ಚಾಗಿ ಎದುರಿಗೆ ನಿಂತವನ ಮುಖ ನೋಡಿ. ಈ ದಾಕ್ಷಿಣ್ಯದ ಮೇಲೇ ಇಡೀ ವ್ಯವಸ್ಥೆ ನಡೀತಿದೆ ಅನ್ನೋದು ನನ್ನ ತಕರಾರು.

ನಾನು ಸಾಫ್ಟ್‌ವೇರಿನವನು, ಅದರ ಭಾಷೆಯಲ್ಲೇ ಹೇಳ್ತೀನಿ. ಹುಡುಗ ಫೋಟೋ ಹೊಡೆದ ಕ್ಷಣಕ್ಕೆ ಕಂಪನಿಯ ಲೆಕ್ಕದಲ್ಲಿ ಆ ಪಾರ್ಸೆಲ್ಲು 'ಡೆಲಿವರ್ಡ್'. ಟಿಕೆಟ್ ಕ್ಲೋಸ್. ಡ್ಯಾಶ್‌ಬೋರ್ಡಿನಲ್ಲಿ ಹಸಿರು ಬಣ್ಣ. ಆದರೆ ವಸ್ತು ಇನ್ನೂ ಯಜಮಾನನ ಕೈ ಸೇರಿಲ್ಲ. ಕೊನೆಯ ಹತ್ತು ಅಡಿಯ ಕೆಲಸ ಬಾಕಿ ಇದೆ, ಅದನ್ನ ಯಾರ ಹೆಸರಿಗೂ ಅಸೈನ್ ಮಾಡಿಲ್ಲ. ಇಂಥ ಡಿಸೈನನ್ನ ನಾವು ಆಫೀಸಿನ ರಿವ್ಯೂನಲ್ಲಿ ಒಪ್ಪಲ್ಲ. 'ಕಸ್ಟಮರ್ ಮನೇಲಿ ಇಲ್ಲದಿದ್ದರೆ ಏನು?' ಅಂತ ಮೊದಲ ಐದು ನಿಮಿಷದಲ್ಲೇ ಯಾರಾದರೂ ಕೇಳ್ತಾರೆ. ಇಲ್ಲಿ ಅದಕ್ಕೆ ಸಿಕ್ಕಿರೋ ಉತ್ತರ: ನನ್ನ ಅಮ್ಮ. 62 ವರ್ಷದ, ಮಂಡಿನೋವಿನ, ಸಂಬಳವಿಲ್ಲದ ಎಕ್ಸೆಪ್ಷನ್ ಹ್ಯಾಂಡ್ಲರ್.

ಅಂಚೆ ಇಲಾಖೆಯನ್ನ ನಾವು ನಿಧಾನ ಅಂತ ಆಡಿಕೊಳ್ತೀವಿ. ಆದರೆ ಅವರು ಈ ಪ್ರಶ್ನೆಯನ್ನ ಎಷ್ಟೋ ಕಾಲದ ಹಿಂದೆಯೇ ಕೇಳಿಕೊಂಡಿದ್ದರು. ಸಹಿ ಹಾಕಿಸಿಕೊಂಡು ಕೊಡಬೇಕಾದ ಕಾಗದ ಬಂತು, ಮನೆಗೆ ಬೀಗ. ಅಂಚೆಯಣ್ಣ ಚೀಟಿ ಬಿಟ್ಟು ಹೋಗ್ತಾನೆ, ಲಕೋಟೆಯ ಮೇಲೆ 'ಬಾಗಿಲು ಹಾಕಿತ್ತು' ಅಂತ ಷರಾ ಬರೀತಾನೆ. ಕಚೇರಿಯಲ್ಲಿ ಸಾಮಾನ್ಯವಾಗಿ ಏಳು ದಿನ ಇಟ್ಟುಕೊಳ್ತಾರೆ. ಬರಲಿಲ್ಲವಾ, ಕಳಿಸಿದವರಿಗೆ ವಾಪಸು. ಕಳಿಸಿದವರೂ ಸಿಗದಿದ್ದರೆ ಅಂಥ ಕಾಗದಗಳಿಗೇ ಒಂದು ಪ್ರತ್ಯೇಕ ಕಚೇರಿ. ಪ್ರತಿ ಹಂತದಲ್ಲೂ ಇದು ಈಗ ಯಾರ ಜವಾಬ್ದಾರಿ ಅಂತ ಹೇಳೋಕೆ ಒಂದು ಹೆಸರಿದೆ, ಒಂದು ಗಡುವಿದೆ. ನಮ್ಮ ಹತ್ತು ನಿಮಿಷದ ಯುಗಕ್ಕೆ ಆ ಗಡುವು ಇಲ್ಲ. ತರೋದಕ್ಕೆ ಹತ್ತು ನಿಮಿಷ, ಇಸ್ಕೊಳ್ಳೋದಕ್ಕೆ 19 ದಿನ.

ಕಾನೂನಿನಲ್ಲಿ ಏನಿದೆ ಅಂತ ಕುತೂಹಲಕ್ಕೆ ಹುಡುಕಿದೆ. 1872ರ ಭಾರತೀಯ ಕರಾರು ಕಾಯ್ದೆ. ಇನ್ನೊಬ್ಬರ ವಸ್ತುವನ್ನ ನಿಮ್ಮ ವಶದಲ್ಲಿ ಇಟ್ಟುಕೊಳ್ಳೋದಕ್ಕೆ ಬೇಲ್‌ಮೆಂಟ್ ಅಂತಾರೆ. ಹಾಗೆ ಇಟ್ಟುಕೊಂಡವನು, ಸಾಮಾನ್ಯ ವಿವೇಕ ಇರೋ ಮನುಷ್ಯ ತನ್ನದೇ ಅಂಥ ವಸ್ತುವನ್ನ ಎಷ್ಟು ಜೋಪಾನ ಮಾಡ್ತಾನೋ ಅಷ್ಟು ಜೋಪಾನ ಮಾಡಬೇಕು ಅನ್ನುತ್ತೆ 151ನೇ ಸೆಕ್ಷನ್ನು. ದುಡ್ಡು ತಗೊಂಡು ಇಟ್ಟುಕೊಂಡರೂ ಅಷ್ಟೇ, ಪುಕ್ಕಟೆ ಆದರೂ ಅಷ್ಟೇ. ಅಂದರೆ 'ದಾರೀಲಿ ಇಟ್ಟು ಬರೋಕಾಗುತ್ತಾ' ಅಂದ ನಮ್ಮಮ್ಮ 151ನೇ ಸೆಕ್ಷನ್ ಓದದೆಯೇ ಪಾಲಿಸಿದ್ದಳು. ಪುಕ್ಕಟೆ ಜೋಪಾನ ಮಾಡಿದವನಿಗೆ ಅದಕ್ಕೆ ತಗುಲಿದ ಅಗತ್ಯ ಖರ್ಚನ್ನ ಕೊಡಬೇಕು ಅಂತ 158ನೇ ಸೆಕ್ಷನ್ನು ಹೇಳುತ್ತೆ. ಎರಡು ಸಲ ಕತ್ತಲಲ್ಲಿ ಎಡವಿ ಹೆಬ್ಬೆರಳು ಜಜ್ಜಿಕೊಂಡಿದ್ದೀನಿ. ಬಿಲ್ ಇನ್ನೂ ಕಳಿಸಿಲ್ಲ.

ಇಲ್ಲಿಗೇ ಮುಗಿದಿದ್ದರೆ ನಾನೂ ನಕ್ಕು ಸುಮ್ಮನಾಗ್ತಿದ್ದೆ.

17ನೇ ದಿನ, ಗುರುವಾರ, ಅದೇ ಹುಡುಗ ಬಾಗಿಲಿಗೆ ಬಂದ. ಕೈಯಲ್ಲಿ ಪಾರ್ಸೆಲ್ಲು ಇರಲಿಲ್ಲ. ಸಿಂಧನೂರು ಕಡೆಯವನು. "ಸರ್, ಆವತ್ತು ಅಮ್ಮಾರು ತಗೊಂಡಿದ್ರಲ್ರೀ, ನೆನಪೈತೇನ್ರೀ?" ಅಂತ ಫೋನು ತೋರಿಸಿದ. ಫೋಟೋದಲ್ಲಿ ಡಬ್ಬಿ ಇತ್ತು. ಡಬ್ಬಿಯ ಕೆಳಗೆ ಎರಡು ಕೈ, ಹಸಿರು ಗಾಜಿನ ಬಳೆ. ಮುಖ ಇಲ್ಲ. "ಈ ಕೈ ಯಾರದಂತ ಕೇಳಾಕತ್ತಾರ್ರೀ. ಕಸ್ಟಮರ್ರು ಪಾರ್ಸೆಲ್ ಬಂದೇ ಇಲ್ಲಂತ ಕಂಪ್ಲೇಂಟ್ ಕೊಟ್ಟಾರ. ನನ್ನ ಪಗಾರದಾಗ 1,340 ರೂಪಾಯಿ ಹಿಡದಾರ್ರೀ."

ನಾನು ಒಳಗೆ ಹೋಗಿ ಡಬ್ಬಿ ತಂದು ತೋರಿಸಿದೆ. ಅವನು ಅದನ್ನೂ ಫೋಟೋ ಹೊಡೆದುಕೊಂಡ. ಬೈಯಲಿಲ್ಲ. "ಐತಲ್ರೀ, ಸಾಕ್ರೀ" ಅಂದ. ಅದು ಕೇಳೋಕೆ ಬೈಗುಳಕ್ಕಿಂತ ಕಷ್ಟವಾಗಿತ್ತು.

ಶನಿವಾರ ಬೆಳಗ್ಗೆ ಪಕ್ಕದ ಮನೆಯ ಬಾಗಿಲು ಬಡಿದೆ. ಬೆಲ್ ಒತ್ತಲಿಲ್ಲ, ಬಡಿದೆ. ತೆಗೆದರು. ನನ್ನದೇ ವಯಸ್ಸು, ನನ್ನಂಥದ್ದೇ ಕೆಲಸ, ಕನ್ನಡದವರೇ. ಭಾಷೆಯ ಮೇಲೆ, ಹೊರಗಿನವರ ಮೇಲೆ ತಪ್ಪು ಹೊರಿಸಿ ಪಾರಾಗೋ ಅವಕಾಶ ನನಗಿಲ್ಲ. "ಓ ಅದಾ ಸರ್! ನೀವು ಮೆಸೇಜ್ ಹಾಕೋ ಅಷ್ಟರಲ್ಲಿ ಕಂಪ್ಲೇಂಟ್ ಕೊಟ್ಟಾಗಿತ್ತು. ರಿಫಂಡ್ ಬಂತು. ನೀವೇ ಇಟ್ಕೊಂಡುಬಿಡಿ" ಅಂತ ನಕ್ಕರು. ಕೆಟ್ಟ ಮನುಷ್ಯ ಅಲ್ಲ. ನನಗೆ ಏನೋ ಉಡುಗೊರೆ ಕೊಡ್ತಿದ್ದೀನಿ ಅನ್ನೋ ಖುಷಿಯೇ ಆ ಮುಖದಲ್ಲಿತ್ತು.

ಹುಡುಗನ ದುಡ್ಡು ಹಿಡಿದ ವಿಷಯ ಹೇಳಿದೆ. ಮುಖ ಸಣ್ಣದಾಯ್ತು. "ನನಗೆ ಗೊತ್ತಿರಲಿಲ್ಲ ಸರ್. ಆ್ಯಪಲ್ಲಿ ಒಂದು ಆಪ್ಷನ್ ಇತ್ತು, ಒತ್ತಿದೆ ಅಷ್ಟೇ." ಸುಳ್ಳಲ್ಲ ಅದು. ನಮ್ಮಂಥವರೇ ಯಾರೋ ಕೂತು ಬರೆದ ಬಟನ್ ಅದು. ಒತ್ತಿದರೆ ಆ ತುದಿಯಲ್ಲಿ ಯಾರ ಜೇಬಿಗೆ ಕೈ ಹೋಗುತ್ತೆ ಅಂತ ಒತ್ತುವವರಿಗೆ ಕಾಣದ ಹಾಗೆ ಬರೆದಿದ್ದಾರೆ. ಆದರೂ ಕೇಳ್ತೀನಿ: ಸಿಕ್ಕಿಲ್ಲ ಅನ್ನೋ ಬಟನ್ ಒತ್ತೋ ಮೊದಲು ಹತ್ತು ಹೆಜ್ಜೆ ನಡೆದು ಕೇಳೋಕೆ ಏನಾಗಿತ್ತು? ಬಟನ್ನೇ ಸುಲಭ ಆಯ್ತು ಅನ್ನೋದನ್ನ ಬಿಟ್ಟರೆ ನನಗೆ ಬೇರೆ ಕಾರಣ ಹೊಳೀತಿಲ್ಲ.

ಈಗ ನೀವು, 'ನಮ್ಮ ಹಳ್ಳೀಲಿ ಹಿಂಗಿರಲಿಲ್ಲ' ಅಂತ ನಾನು ಶುರು ಮಾಡ್ತೀನಿ ಅಂದುಕೊಂಡಿರ್ತೀರಿ. ಅರ್ಧ ಸತ್ಯ. ನಮ್ಮೂರಲ್ಲಿ ಅಂಚೆಯ ಕಾಗದ ಬಂದರೆ ಅಂಗಡಿ ಜಗಲಿಯಲ್ಲಿ ಬಿಟ್ಟು ಹೋಗೋರು. ಬಸ್ಸಿನ ಕಂಡಕ್ಟರ್ ಯಾರದ್ದೋ ಔಷಧಿ, ಮೋಟರಿನ ಬೇರಿಂಗು ಅಲ್ಲೇ ಕೊಟ್ಟು ಹೋಗೋನು. ಸಂಜೆ ಒಳಗೆ ಎಲ್ಲಾ ತಲುಪೋದು. ನಾವು ಹುಡುಗರೇ ಓಡಿಹೋಗಿ ಕೊಟ್ಟು ಬರ್ತಿದ್ವಿ. ಇದು ನಿಜ. ಆದರೆ ನಮ್ಮ ಮನೆಯ ಕಾಗದವನ್ನ ಅಂಗಡಿಯವರು ಕೈಗೆ ಕೊಡೋರು. ಕೇರಿಯವರ ಕಾಗದವನ್ನ ಜಗಲಿ ತುದಿಯಲ್ಲಿ ಇಟ್ಟು, ಹಿಂದೆ ಸರಿದು, 'ತಗೋ' ಅನ್ನೋರು. ಅವರು ಕೆಳಗೆ ನಿಂತು ಎತ್ತಿಕೊಂಡು ಹೋಗೋರು. ಇದೂ ನಿಜ. ಆಗ ನಾನು ಹುಡುಗ, ನನಗದು ವಿಚಿತ್ರ ಅನ್ನಿಸಿರಲಿಲ್ಲ. ಅನ್ನಿಸದೇ ಇದ್ದದ್ದಕ್ಕೆ ಈಗ ನಾಚಿಕೆ ಆಗುತ್ತೆ.

ಹಾಗಾಗಿ ಊರನ್ನ ಸ್ವರ್ಗ ಮಾಡಿ ನಗರವನ್ನ ಬೈಯೋದು ನನ್ನಿಂದ ಆಗಲ್ಲ. ನಗರಕ್ಕೆ ಬಂದಾಗ ನನಗೆ ತುಂಬಾ ಹಿಡಿಸಿದ್ದೇ ಅದು. ಪಕ್ಕದ ಮನೆಯವರು ಯಾವ ಜನ ಅಂತ ಕೇಳದೆ ಸಾಮಾನು ಕೊಟ್ಟು ಇಸ್ಕೊಳ್ಳಬಹುದು ಅನ್ನೋದು. ಆ ಅವಕಾಶವನ್ನ ನಾವು ಏನು ಮಾಡಿಕೊಂಡಿದ್ದೀವಿ ನೋಡಿ. 'ಬಾಗಿಲ ಹತ್ರ ಇಟ್ಟು ಹೋಗಿ.' ಕೊರೊನಾ ಕಾಲದಲ್ಲಿ ಅದಕ್ಕೆ ಕಾರಣ ಇತ್ತು. ಈಗ ಯಾಕೆ? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಡೆಲಿವರಿ ಹುಡುಗರು ಮುಖ್ಯ ಲಿಫ್ಟ್ ಹತ್ತುವಂತಿಲ್ಲ, ಹಿಂದಿನ ಸರ್ವೀಸ್ ಲಿಫ್ಟಿಗೆ ಹೋಗಬೇಕು. ಆ ಬೋರ್ಡು ಹಾಕಿದ ಮೀಟಿಂಗಿನಲ್ಲಿ ನಾನೂ ಇದ್ದೆ, ಬಾಯಿ ಬಿಡಲಿಲ್ಲ. ಶೂ ರ್‍ಯಾಕಿನ ಮೇಲೆ ಇಡಿಸಿಕೊಂಡು, ಅವನು ಹೋದ ಮೇಲೆ ಬಾಗಿಲು ತೆಗೆದು ಎತ್ತಿಕೊಳ್ಳೋ ನಮಗೂ ಆ ಅಂಗಡಿ ಜಗಲಿಗೂ ಎಷ್ಟು ದೂರ? ಅಲ್ಲಿ ಮುಟ್ಟಬಾರದು ಅಂತಿದ್ದರು. ಇಲ್ಲಿ ಮುಖ ನೋಡಬಾರದು ಅಂತೀವಿ, ಅದಕ್ಕೆ ಅನುಕೂಲ ಅಂತ ಹೆಸರಿಟ್ಟಿದ್ದೀವಿ.

ಕಂಪನಿಗಳನ್ನ ಬಿಟ್ಟುಬಿಡಿ ಅಂತ ನಾನು ಹೇಳ್ತಿಲ್ಲ. ವಿಚಾರಿಸದೆ ದಿನಗೂಲಿಯವನ ದುಡ್ಡು ಹಿಡಿಯೋದು ಅನ್ಯಾಯವೇ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಒಂದು ಕಾಯ್ದೆ ತಂದಿದೆ. ಪ್ರತಿ ವಹಿವಾಟಿನ ಮೇಲೆ ಕಂಪನಿಗಳಿಂದ ಕಲ್ಯಾಣ ಶುಲ್ಕ, ದೂರು ಹೇಳಿಕೊಳ್ಳೋಕೆ ಒಂದು ವ್ಯವಸ್ಥೆ, ಇವೆಲ್ಲ ಅದರಲ್ಲಿವೆ. ಒಳ್ಳೆಯದು. ಆದರೆ ಪಕ್ಕದ ಮನೆಯ ಬಾಗಿಲು ತಟ್ಟು ಅಂತ ಯಾವ ಕಾಯ್ದೆಯೂ ಹೇಳೋದಿಲ್ಲ. ಅದು ನಮ್ಮದೇ ಕೆಲಸ.

ಆ ಶನಿವಾರ ನಾನು ಪಕ್ಕದ ಮನೆಯವರ ಬಾಗಿಲಲ್ಲೇ ನಿಂತೆ. 'ಈಗಲೇ ಕಂಪನಿಗೆ ತಿಳಿಸಿ, ನಾನು ಕಾಯ್ತೀನಿ' ಅಂದೆ. ಮುಜುಗರ ಆಯ್ತು, ಇಬ್ಬರಿಗೂ. 12 ನಿಮಿಷದ ಚಾಟ್‌ನಲ್ಲಿ ಪಾರ್ಸೆಲ್ಲು ಸಿಕ್ಕಿದೆ, ಹುಡುಗನದು ತಪ್ಪಿಲ್ಲ, ರಿಫಂಡ್ ವಾಪಸು ತಗೊಳ್ಳಿ ಅಂತ ಬರೆದರು. ಪರಿಶೀಲಿಸ್ತೀವಿ ಅಂತ ಉತ್ತರ ಬಂತು. ಇದನ್ನ ಬರೆಯೋ ಹೊತ್ತಿಗೆ ಹುಡುಗನ ದುಡ್ಡು ಬಂದಿಲ್ಲ. ನಾನು ಪ್ರತಿ ಸೋಮವಾರ ಪಕ್ಕದ ಮನೆಯವರನ್ನ ಕೇಳ್ತಿದ್ದೀನಿ, ಅವರು ಕಂಪನಿಯನ್ನ ಕೇಳ್ತಿದ್ದಾರೆ.

ಅವತ್ತಿಂದ ನಮ್ಮ ಮನೆಗೆ ಕೆಲವು ನಿಯಮ ಮಾಡಿಕೊಂಡಿದ್ದೀನಿ. ನಮ್ಮ ಪಾರ್ಸೆಲ್ಲನ್ನ ಪಕ್ಕದ ಮನೆಗೆ ಕಳಿಸೋ ಮೊದಲು ಪಕ್ಕದ ಮನೆಯವರಿಗೇ ಫೋನ್ ಮಾಡ್ತೀನಿ, ಹುಡುಗನಿಗಲ್ಲ. ಅದೇ ದಿನ ಹೋಗಿ ಇಸ್ಕೋತೀನಿ. ಊರಲ್ಲಿ ಇಲ್ಲದ ವಾರ ಏನನ್ನೂ ಆರ್ಡರ್ ಮಾಡಲ್ಲ. ಬೇರೆಯವರದ್ದನ್ನ ಇಸ್ಕೊಂಡರೆ, ಇಸ್ಕೊಂಡವರ ಹೆಸರು ಮತ್ತು ಮನೆ ನಂಬರನ್ನ ಹುಡುಗನ ಕೈಲಿ ಅಲ್ಲೇ ಬರೆಸ್ತೀನಿ, ಡಬ್ಬಿಯ ಯಜಮಾನರಿಗೆ ಅಲ್ಲೇ ಮೆಸೇಜ್ ಹಾಕ್ತೀನಿ. ಮೂರು ದಿನಕ್ಕೆ ಬರದಿದ್ದರೆ ಬಾಗಿಲು ಬಡೀತೀನಿ. ಹೆಬ್ಬೆರಳಿನ ಚಿತ್ರವನ್ನ ಉತ್ತರ ಅಂತ ಒಪ್ಪಲ್ಲ.

ನಿಮ್ಮ ಮನೆಯಲ್ಲಿ ಈಗ ಯಾರದ್ದಾದರೂ ಡಬ್ಬಿ ಕೂತಿದ್ದರೆ ಈ ಪುಟ ಮಡಚಿಟ್ಟು ಕೊಟ್ಟು ಬನ್ನಿ. ನಿಮ್ಮ ಡಬ್ಬಿಯೇ ಪಕ್ಕದ ಮನೆಯಲ್ಲಿದ್ದರೆ ಇನ್ನೂ ಬೇಗ ಏಳಿ. ಅಲ್ಲಿ ಯಾರದ್ದೋ ಅಮ್ಮ ಫ್ಲಾಸ್ಕಿನಲ್ಲಿ ಕಾಫಿ ಎತ್ತಿಟ್ಟಿರಬಹುದು.