‘ಓಕೆ’ ಒಂದು ಪದವೇ? ಹೌದು ಅಂತೀನಿ



ಕಳೆದ ಶನಿವಾರ ಇಂಗ್ಲಿಷ್ ಅವಧಿಯಲ್ಲಿ ಸ್ಕ್ರಾಬಲ್ ಆಡಿದೆವಲ್ಲ, ಅದರಲ್ಲಿ ನಮ್ಮ ತಂಡ 8 ಅಂಕಗಳಿಂದ ಸೋತಿತು. ಸೋತ ಹೊಟ್ಟೆಯುರಿಗೆ ಬರೀತಿದ್ದಾನೆ ಅಂತ ನಗಬೇಡಿ. ಸ್ವಲ್ಪ ಅದೂ ಇದೆ, ಸುಳ್ಳು ಹೇಳೋದಿಲ್ಲ. ಆದರೆ ಬರೀ ಅದೇ ಅಲ್ಲ.

ಲಗ್ನಪತ್ರಿಕೆಗಳ ರಟ್ಟು ಕತ್ತರಿಸಿ ನಾವೇ ಮಾಡಿಕೊಂಡ 100 ಬಿಲ್ಲೆಗಳ ಆಟ ಅದು. ಕೊನೆಗೆ ನನ್ನ ಹತ್ತಿರ ಉಳಿದದ್ದು ‘ಕೆ’ ಒಂದೇ. ಇಡೀ ಆಟಕ್ಕೆ ಒಂದೇ ‘ಕೆ’ ಇರೋದು, ಅದಕ್ಕೆ 5 ಅಂಕ. ಹಲಗೆಯ ಮೇಲೆ ಮೊದಲೇ ಕೂತಿದ್ದ ‘ರೋಡ್’ ಪದದ ‘ಓ’ ಅಕ್ಷರದ ಕೆಳಗೆ ಅದನ್ನಿಟ್ಟು ‘ಓಕೆ’ ಮಾಡಿದೆ. ‘ಓ’ಗೆ 1, ಒಟ್ಟು 6. ಗುರುಗಳು ನಿಘಂಟು ತೆಗೆದು ನೋಡಿದರು. “ಇದು ಪದವಲ್ಲ, ಸಂಕ್ಷೇಪ. ದೊಡ್ಡಕ್ಷರದಲ್ಲಿ ಬರೆಯುವಂಥದ್ದು. ನಡೆಯೋದಿಲ್ಲ” ಅಂದರು. ಬಿಲ್ಲೆ ವಾಪಸ್ ತೆಗೆದೆ. ಎದುರಿನವರು ಆಟ ಮುಗಿಸಿದರು. ಕೈಯಲ್ಲಿ ಉಳಿದ ಬಿಲ್ಲೆಯ ಅಂಕ ಕಳೀಬೇಕು ಅನ್ನೋದು ನಿಯಮ, ಹಾಗಾಗಿ 6 ಬರೋ ಜಾಗದಲ್ಲಿ 5 ಹೋಯ್ತು. ತಮಾಷೆ ಏನಂದ್ರೆ, ನನ್ನ ಪದ ತಳ್ಳಿಹಾಕಿದ ಮರುಕ್ಷಣವೇ ಗುರುಗಳು “ಓಕೆ, ಮುಂದಿನವರು ಆಡಿ” ಅಂದಿದ್ದರು!

ಪದವೇ ಅಲ್ಲದ್ದು ಎಲ್ಲರ ಬಾಯಲ್ಲೂ ಹೇಗೆ ಬಂತು ಅಂತ ಹುಡುಕಿದೆ. ಅಮೆರಿಕದ ಬಾಸ್ಟನ್ ನಗರದ ಒಂದು ಪತ್ರಿಕೆಯಲ್ಲಿ 1839ರ ಮಾರ್ಚ್ 23ರಂದು ಇದು ಮೊದಲು ಅಚ್ಚಾಯಿತಂತೆ. ಆಗ ಅಲ್ಲಿನ ಪತ್ರಿಕೆಯವರಿಗೆ ಬೇಕಂತಲೇ ಕಾಗುಣಿತ ತಪ್ಪಿಸಿ, ಅದರ ಮೊದಲಕ್ಷರಗಳನ್ನು ಮಾತ್ರ ಬರೆಯುವ ಹುಚ್ಚು. ‘ಆಲ್ ಕರೆಕ್ಟ್’ ಅನ್ನೋದನ್ನು ‘ಓ’ ಮತ್ತು ‘ಕೆ’ಯಿಂದ ಶುರುವಾಗುವಂತೆ ತಪ್ಪು ಬರೆದರು. ‘ಎಲ್ಲಾ ಸರಿ’ ಎಂಬ ಅರ್ಥದ ಪದದಲ್ಲಿ ಎರಡಕ್ಕೆ ಎರಡೂ ಅಕ್ಷರ ತಪ್ಪು! ನಮ್ಮ ಕಾಪಿಪುಸ್ತಕದಲ್ಲಾಗಿದ್ದರೆ ಕೆಂಪು ಗೆರೆ ಬೀಳುತ್ತಿತ್ತು. ಮರುವರ್ಷ, 1840ರಲ್ಲಿ, ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಮತ್ತೆ ಚುನಾವಣೆಗೆ ನಿಂತರು. ಅವರ ಊರು ಕಿಂಡರ್‌ಹುಕ್. ‘ಓಲ್ಡ್ ಕಿಂಡರ್‌ಹುಕ್’ ಅನ್ನೋ ಅಡ್ಡಹೆಸರಿನ ಮೊದಲಕ್ಷರವೂ ಇವೇ ಆದ್ದರಿಂದ ಬೆಂಬಲಿಗರು ‘ಓಕೆ’ ಅಂತ ಕೂಗಿಕೊಂಡು ತಿರುಗಿದರು. ಅಧ್ಯಕ್ಷರು ಸೋತರು, ಪದ ಉಳಿಯಿತು. ಇದನ್ನೆಲ್ಲ ಹಳೇ ಪತ್ರಿಕೆಗಳಿಂದ ಹೆಕ್ಕಿ ತೆಗೆದವರು ಅಲೆನ್ ವಾಕರ್ ರೀಡ್ ಎಂಬ ವಿದ್ವಾಂಸರು, 1960ರ ದಶಕದಲ್ಲಿ.

ಇನ್ನು ಆಟದ ಮಾತು. ‘ಓಕೆ’ಯನ್ನೇ ನಾಲ್ಕು ಅಕ್ಷರದಲ್ಲಿ ಉದ್ದ ಮಾಡಿ ಬರೆದರೆ ಹಿಂದಿನಿಂದಲೂ ಒಪ್ಪುತ್ತಿದ್ದರು, 11 ಅಂಕ! ಉಚ್ಚಾರ ಅದೇ, ಅರ್ಥ ಅದೇ. ತುರ್ಕಿ ಕಡೆಯ ‘ಓಕ’ ಎಂಬ ಹಳೇ ತೂಕದ ಹೆಸರೂ ಪಟ್ಟಿಯಲ್ಲಿತ್ತು. ನಮ್ಮೂರಲ್ಲಿ ಅದರಲ್ಲಿ ಬೆಲ್ಲ ತೂಗಿದವರು ಯಾರಿದ್ದಾರೆ? ಕೊನೆಗೆ 2018ರಲ್ಲಿ ಅಮೆರಿಕದ ಸ್ಕ್ರಾಬಲ್ ನಿಘಂಟಿನ ಆರನೇ ಆವೃತ್ತಿ ಎರಡಕ್ಷರದ ‘ಓಕೆ’ಯನ್ನು ಸೇರಿಸಿತು. 2019ರಲ್ಲಿ ಕಾಲಿನ್ಸ್ ಪಟ್ಟಿಯಲ್ಲೂ ಬಂತು. ಗುರುಗಳ ನಿಘಂಟು ಅದಕ್ಕಿಂತ ಹಳೆಯದು. ಅವರ ಪುಸ್ತಕದ ಪ್ರಕಾರ ಅವರು ಹೇಳಿದ್ದು ಸರಿಯೇ. ಪುಸ್ತಕವೇ ಬೇಡ ಅಂತಲೂ ನಾನು ಹೇಳೋದಿಲ್ಲ, ಇಲ್ಲದಿದ್ದರೆ ನಮ್ಮ ತರಗತಿಯಲ್ಲಿ ಆಟಕ್ಕಿಂತ ಜಗಳವೇ ಜಾಸ್ತಿ ಆಗುತ್ತೆ. ಆದರೆ ಅದರಲ್ಲಿ ಇಲ್ಲ ಎಂದಮಾತ್ರಕ್ಕೆ ‘ಪದವೇ ಅಲ್ಲ’ ಅನ್ನೋದು ಹೇಗೆ? 1839ರಿಂದ 2018ರವರೆಗೆ 179 ವರ್ಷ ಜನ ಆಡಿದ್ದು ಏನು ಹಾಗಾದರೆ?

“ಓಕೆ ಓಕೆ ಅಂತ ‘ಸರಿ’ಯನ್ನೇ ಮರೀತೀರಿ” ಅಂತ ಕನ್ನಡ ಗುರುಗಳು ಬೈಯುತ್ತಾರೆ. ಅವರ ಮಾತನ್ನು ಅರ್ಧ ಒಪ್ಪುತ್ತೇನೆ. ‘ಸರಿ’ ಎಷ್ಟು ಕೆಲಸ ಮಾಡುತ್ತೆ ನೋಡಿ. ಲೆಕ್ಕ ಸರಿ, ಆಚೆ ಸರಿ, ಮಗುವಿಗೆ ರಾಗಿ ಸರಿ. ‘ಓಕೆ’ಗೆ ಇದೆಲ್ಲ ಎಲ್ಲಿ ಬರುತ್ತೆ? ಅಜ್ಜಿ “ಆಯ್ತು ಕಣಪ್ಪ” ಅಂದರೆ ಒಪ್ಪಿಗೆ, “ಆಯ್ತಾಯ್ತು” ಅಂದರೆ ಸಿಟ್ಟು, ಬರೀ “ಹೂಂ” ಅಂದರೆ ಕೇಳಿಸಿಕೊಂಡಿಲ್ಲ ಅಂತ! ಕನ್ನಡ ಪದಬಂಧದಲ್ಲಿ ಎರಡು ಮನೆ ಖಾಲಿ ಇದ್ದರೆ ನಾನಂತೂ ‘ಓಕೆ’ ತುಂಬೋದಿಲ್ಲ. ಆದರೆ ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಬರೆಯುತ್ತಿದ್ದ ಜಿ. ವೆಂಕಟಸುಬ್ಬಯ್ಯನವರು ಎರವಲು ಪದಗಳಿಗಾಗಿಯೇ ಒಂದು ಕೋಶ ಮಾಡಿದ್ದರು. ಅಷ್ಟು ದೊಡ್ಡ ನಿಘಂಟುಕಾರರೇ ಹೊರಗಿನ ಪದಗಳನ್ನು ಬಾಗಿಲಲ್ಲಿ ನಿಲ್ಲಿಸಲಿಲ್ಲ.

ನನಗೆ ನಿಜವಾಗಿ ನೋವಾದದ್ದು ಬೇರೆ ಕಡೆ. ಪ್ರಬಂಧದಲ್ಲಿ ನಾನು ಬರೆದ ‘ಅವ್ವ’ ಪದಕ್ಕೆ ಸುತ್ತು ಹಾಕಿ ಮೇಲೆ ‘ತಾಯಿ’ ಅಂತ ತಿದ್ದಿದ್ದರು. ಮನೆಯಲ್ಲಿ ನಾನು ಯಾರನ್ನೂ ತಾಯಿ ಅಂತ ಕರೆಯೋದಿಲ್ಲ. ಆವತ್ತು ಸುಮ್ಮನಿದ್ದೆ. ‘ಕೆ’ ಬಿಲ್ಲೆ ವಾಪಸ್ ಬಂದಾಗ ಅದೇ ನೆನಪಾಯಿತು.

ಬರುವ ಶನಿವಾರ ಮತ್ತೆ ಆಟವಿದೆ. ಶುರು ಮಾಡೋ ಮುಂಚೆ ಯಾವ ಪುಸ್ತಕ, ಯಾವ ವರ್ಷದ್ದು ಅಂತ ಕರಿಹಲಗೆಯ ಮೇಲೆ ಬರೆಯಬೇಕೆಂದು ಗುರುಗಳಲ್ಲಿ ವಿನಂತಿ. ಒಪ್ಪದವರು ಈ ಹಾಳೆಯ ಕೆಳಗೆ ಬಿಟ್ಟಿರುವ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಬರೆಯಿರಿ. ಅಂಟು ಇನ್ನೂ ಒಣಗಿಲ್ಲ, ಅಂಚು ಕೀಳಬೇಡಿ.

– ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ