ಗಾಳಿ ತಿರುಗಿದರೆ ಸಾಲದು

ಆಳುವ ಪಕ್ಷದ ಬುಡ ಸಡಿಲವಾಗುತ್ತಿದೆ ಎಂದು ಕೇಳಿದೊಡನೆ ನಮ್ಮ ಗಡಿನಾಡಿನ ಕನ್ನಡಿಗರಲ್ಲಿ ಹಲವರು ಹಿಗ್ಗುವುದನ್ನು ಕಂಡಿದ್ದೇನೆ. ಇವರು ಹೋದರೆ ಅವರು ಬರುತ್ತಾರೆ, ಅವರು ಬಂದರೆ ನಮ್ಮ ಅಹವಾಲನ್ನು ಕೇಳುತ್ತಾರೆ ಎಂಬ ನಂಬಿಕೆ ಅದು. ಆ ನಂಬಿಕೆ ಟೊಳ್ಳು ಎಂದು ಹೇಳುವುದಕ್ಕಾಗಿಯೇ ಈ ಲೇಖನ. ಕೇರಳದಲ್ಲಿ ಆಳುವ ರಂಗ ಸೊರಗಿದಾಗ ವಿರೋಧ ರಂಗ ಹೆಚ್ಚಾಗಿ ಮಾಡಿದ್ದು ಕಾಯುವ ಕೆಲಸ, ಮರದಡಿ ಕುಳಿತು ಹಣ್ಣಡಿಕೆ ಉದುರುವುದನ್ನು ಕಾಯುವಂತೆ. ಕಾದು ಗೆದ್ದವನು ಯಾರಿಗೂ ಋಣಿಯಲ್ಲ. ಮಾತೇ ಕೊಡದವನನ್ನು ಮಾತಿಗೆ ತಪ್ಪಿದೆ ಎಂದು ಹಿಡಿದು ಕೇಳುವುದಾದರೂ ಹೇಗೆ?

ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದು 2015ರಿಂದ 2025ರವರೆಗಿನ ಕಾಲವನ್ನು. 2016ರಲ್ಲಿ ಉಮ್ಮನ್ ಚಾಂಡಿಯವರ ಐಕ್ಯರಂಗ ಸರಕಾರ ಬಾರ್ ಲಂಚದ ಆರೋಪ, ಸೋಲಾರ್ ಹಗರಣಗಳಲ್ಲಿ ಬಳಲಿತ್ತು. ಆಗ ವಿರೋಧದಲ್ಲಿದ್ದ ಎಡರಂಗದ ಘೋಷಣೆ ನೆನಪಿದೆಯೇ? "ಎಲ್‌ಡಿಎಫ್ ವರುಂ, ಎಲ್ಲಾಂ ಶರಿಯಾಕುಂ." ಎಡರಂಗ ಬರುತ್ತದೆ, ಎಲ್ಲವೂ ಸರಿಹೋಗುತ್ತದೆ. ಏನು ಸರಿಹೋಗುತ್ತದೆ, ಯಾರಿಗೆ ಎಂದು ಹೇಳದಿರುವುದೇ ಆ ಘೋಷಣೆಯ ಜಾಣತನ. 140ರಲ್ಲಿ 91 ಸ್ಥಾನ ಬಂತು. ಮರುವರ್ಷ, 2017ರಲ್ಲಿ, ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಕಾನೂನು ಬಂತು. ನಮ್ಮ ಅಧ್ಯಾಪಕರು, ಹೆತ್ತವರು, ಮಕ್ಕಳು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಬಿಸಿಲಲ್ಲಿ ಕೂತರು. "ಎಲ್ಲವೂ" ಎಂಬುದರೊಳಗೆ ನಾವು ಇರಲಿಲ್ಲವೆಂದು ಆಗ ತಿಳಿಯಿತು.

ಹಾಗಾದರೆ ಐಕ್ಯರಂಗ ನಮ್ಮದೇ? ಅದೂ ಅಲ್ಲ. ಮಲಯಾಳವನ್ನು ಏಕೈಕ ಆಡಳಿತ ಭಾಷೆಯಾಗಿಸುವ ಮಸೂದೆಯನ್ನು 2015ರಲ್ಲಿ ವಿಧಾನಸಭೆಯಲ್ಲಿ ಅಂಗೀಕರಿಸಿದ್ದು ಐಕ್ಯರಂಗದ ಕಾಲದಲ್ಲೇ. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಸಿಗಲಿಲ್ಲ. ಎಡರಂಗದ ಆಡಳಿತದಲ್ಲಿ, 2025ರ ಅಕ್ಟೋಬರಿನಲ್ಲಿ, ಮತ್ತೊಂದು ಮಲಯಾಳ ಭಾಷಾ ಮಸೂದೆ ಅಂಗೀಕಾರವಾಯಿತು. ಸರಕಾರ ಬದಲಾಯಿತು, ಕಡತ ಬದಲಾಗಲಿಲ್ಲ.

ಇನ್ನು ಮತದ ಲೆಕ್ಕ. 2019ರ ಲೋಕಸಭಾ ಚುನಾವಣೆಯಲ್ಲಿ ಐಕ್ಯರಂಗಕ್ಕೆ 20ರಲ್ಲಿ 19 ಸ್ಥಾನ ಬಂತು. ಶಬರಿಮಲೆಯ ಸಿಟ್ಟು, ವಯನಾಡಿನಲ್ಲಿ ರಾಹುಲ್ ಗಾಂಧಿಯವರ ಸ್ಪರ್ಧೆ ಎರಡೂ ಕೂಡಿ ಬಂದಿದ್ದವು. ಇನ್ನು ಎರಡು ವರ್ಷ ಕಾದರೆ ತಿರುವನಂತಪುರವೂ ತಮ್ಮದೇ ಎಂದು ಅವರು ಭಾವಿಸಿದರು. 1982ರಿಂದ ಕೇರಳದಲ್ಲಿ ಒಮ್ಮೆ ಇವರು, ಒಮ್ಮೆ ಅವರು ಎಂಬ ಸರದಿಯೇ ನಡೆದು ಬಂದಿತ್ತಲ್ಲ! ಚಿನ್ನ ಕಳ್ಳಸಾಗಣೆ, ಆಳಸಮುದ್ರ ಮೀನುಗಾರಿಕೆಯ ಒಪ್ಪಂದ ಎಂದು ಒಂದರ ಮೇಲೊಂದು ಆರೋಪ ಹೊರಿಸಿದರು. ಆಳುವವರಾದರೋ ಮನೆಮನೆಗೆ ಆಹಾರದ ಕಿಟ್ಟು, 1600 ರೂಪಾಯಿಯ ಕ್ಷೇಮ ಪಿಂಚಣಿ ತಲುಪಿಸಿದರು. 2021ರಲ್ಲಿ ಎಡರಂಗಕ್ಕೆ 99, ಐಕ್ಯರಂಗಕ್ಕೆ 41. 1977ರ ಬಳಿಕ ಮೊದಲ ಬಾರಿಗೆ ಆಳುವ ರಂಗವೇ ಮರಳಿ ಬಂತು. ಬರೀ ದೂರಿನಿಂದ ಸರಕಾರ ಬೀಳುವುದಿಲ್ಲ ಎಂಬುದು ಅಲ್ಲಿಯ ಪಾಠ.

ಅದೇ ಎಡರಂಗ ಬಳಿಕ ಸೊರಗಿದ್ದು ಹೇಗೆಂದು ನಾವು ಹತ್ತಿರದಿಂದಲೇ ನೋಡಿದ್ದೇವೆ. 2023ರ ನವೆಂಬರ್ 18ರಂದು ನವಕೇರಳ ಸದಸ್ಸು ಆರಂಭವಾದದ್ದು ನಮ್ಮ ಪೈವಳಿಕೆಯಲ್ಲಿ. ಮುಖ್ಯಮಂತ್ರಿಗಳೂ ಮಂತ್ರಿಗಳೂ ವಿಶೇಷ ಬಸ್ಸಿನಲ್ಲಿ ರಾಜ್ಯವಿಡೀ ಸುತ್ತಿದರು. ಒಡ್ಡೋಲಗವೇನೋ ವೈಭವದ್ದೇ. ಆದರೆ 2024ರ ಆರಂಭದಲ್ಲಿ ಪಿಂಚಣಿ ತಿಂಗಳುಗಟ್ಟಲೆ ಬಾಕಿ ಬಿದ್ದಿತ್ತು. ಯಾವ ಪಿಂಚಣಿ 2021ರಲ್ಲಿ ಮತ ತಂದಿತ್ತೋ ಅದರ ಬಾಕಿಯೇ ಮತ ಕಳೆಯಿತು. 2024ರ ಲೋಕಸಭೆಯಲ್ಲಿ ಎಡರಂಗಕ್ಕೆ ಸಿಕ್ಕಿದ್ದು ಆಲತ್ತೂರು ಒಂದೇ. ಕಾಸರಗೋಡಿನಲ್ಲಿ ರಾಜಮೋಹನ್ ಉಣ್ಣಿತ್ತಾನ್ ಅವರ ಅಂತರ 2019ರ 40 ಸಾವಿರದಿಂದ ಒಂದು ಲಕ್ಷ ದಾಟಿತು.

ಇಲ್ಲಿ ಒಂದು ಸೂಕ್ಷ್ಮವಿದೆ. 2019ಕ್ಕೂ 2024ಕ್ಕೂ ನಡುವೆ ಎಡರಂಗದ ಪಾಲು ಇಳಿದು ನೂರಕ್ಕೆ ಸುಮಾರು 33ಕ್ಕೆ ಬಂತು. ಐಕ್ಯರಂಗದ ಪಾಲೂ ಸುಮಾರು 47ರಿಂದ 45ಕ್ಕೆ ಇಳಿಯಿತು. ಏರಿದ್ದು ಬಿಜೆಪಿ ಕೂಟ, ಸುಮಾರು 15ರಿಂದ 19ಕ್ಕೆ. ತೃಶ್ಶೂರಿನಲ್ಲಿ ಗೆಲುವೂ ಸಿಕ್ಕಿತು. 2025ರ ಡಿಸೆಂಬರಿನ ಸ್ಥಳೀಯ ಚುನಾವಣೆಯಲ್ಲಿ ಐಕ್ಯರಂಗ ಮುನ್ನಡೆದರೂ ತಿರುವನಂತಪುರ ಮಹಾನಗರಪಾಲಿಕೆಯಲ್ಲಿ ಬಿಜೆಪಿಯೇ ದೊಡ್ಡ ಪಕ್ಷವಾಯಿತು. ಆಳುವವರ ಕೈಯಿಂದ ಜಾರಿದ ಮತ ನೇರವಾಗಿ ಮುಖ್ಯ ವಿರೋಧ ಪಕ್ಷದ ಚೀಲಕ್ಕೇ ಬೀಳುತ್ತದೆ ಎಂಬ ಲೆಕ್ಕ ತಪ್ಪೆನ್ನಲು ಇಷ್ಟು ಸಾಲದೇ?

ಮಂಜೇಶ್ವರಕ್ಕೆ ಬನ್ನಿ. 2016ರಲ್ಲಿ ಲೀಗಿನ ಪಿ. ಬಿ. ಅಬ್ದುಲ್ ರಜಾಕ್ ಗೆದ್ದದ್ದು 89 ಮತಗಳಿಂದ. 2021ರಲ್ಲಿ ಎ. ಕೆ. ಎಂ. ಅಶ್ರಫ್ ಗೆದ್ದದ್ದು 745 ಮತಗಳಿಂದ. ಎರಡು ಬಾರಿಯೂ ಎದುರಾಳಿ ಬಿಜೆಪಿಯ ಕೆ. ಸುರೇಂದ್ರನ್, ಎಡರಂಗ ಮೂರನೆಯದು. 89 ಮತವೆಂದರೆ ಹತ್ತಿಪ್ಪತ್ತು ಮನೆ. ಇಂಥ ಕ್ಷೇತ್ರದಲ್ಲಿ ಕನ್ನಡಿಗನ ಮಾತಿಗೆ ಚಿನ್ನದ ಬೆಲೆ ಬರಬೇಕಿತ್ತು. ಬಂದಿದೆಯೇ? ಒಂದು ಕಡೆಯವರು "ಅವರು ಬಂದಾರು, ತಡೆಯಿರಿ" ಎನ್ನುತ್ತಾರೆ. ಇನ್ನೊಂದು ಕಡೆಯವರೂ ಅದನ್ನೇ ಎನ್ನುತ್ತಾರೆ. ಭಯವೇ ಪ್ರಣಾಳಿಕೆಯಾದಲ್ಲಿ ಭಾಷೆ ಯಾರಿಗೆ ಬೇಕು? ಕನ್ನಡವನ್ನು ಒಂದು ಧರ್ಮದವರ ಸ್ವತ್ತೆಂದು ತೋರಿಸಿ ಮತ ಕೇಳುವುದು ಇನ್ನೂ ಕೆಟ್ಟದ್ದು. ನಮ್ಮ ಕನ್ನಡ ಶಾಲೆಯ ಬೆಂಚಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ ಮನೆಮಾತಿನ ಮಕ್ಕಳು ಒಟ್ಟಿಗೇ ಕೂತು ಕಲಿತವರು. ಆ ಬೆಂಚನ್ನು ಒಡೆದವನು ಕನ್ನಡವನ್ನು ಉಳಿಸಲಾರ.

ಅಶ್ರಫರು 2021ರಲ್ಲಿ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ಸ್ವೀಕರಿಸಿದರು. ಸಂತೋಷ. ಆದರೆ ಪ್ರಮಾಣವಚನ ಒಂದು ನಿಮಿಷದ್ದು, ಗ್ರಾಮ ಕಚೇರಿಯ ಅರ್ಜಿ ವರ್ಷವಿಡೀ ಇರುವಂಥದ್ದು. ಕಚೇರಿಯೊಂದರಲ್ಲಿ ನಾನು ಕನ್ನಡದಲ್ಲಿ ಬರೆದು ಕೊಟ್ಟ ಅರ್ಜಿಯನ್ನು ಓದಬಲ್ಲವರು ಅಂದು ಯಾರೂ ಇರಲಿಲ್ಲ; ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ ಎಂದರು. ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕಾಗದದಲ್ಲಿ ನನಗಿತ್ತು, ಕಿಟಕಿಯಲ್ಲಿ ಇರಲಿಲ್ಲ. 2025ರ ಮಸೂದೆಯಲ್ಲೂ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ರಕ್ಷಣೆಯ ಕಲಮು ಇದೆ ಎಂದು, ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯನವರು 2026ರ ಜನವರಿಯಲ್ಲಿ ಆಕ್ಷೇಪಿಸಿದಾಗ, ಪಿಣರಾಯಿ ವಿಜಯನ್ ಉತ್ತರಿಸಿದರು. ಕಲಮು ಇರುವುದು ನಿಜ. ಓದಬಲ್ಲ ಗುಮಾಸ್ತನಿಲ್ಲದ ಕಡೆ ಕಲಮು ಏನು ಮಾಡೀತು? ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಅರಿಯದ ಅಧ್ಯಾಪಕರನ್ನು ನೇಮಿಸಿದಾಗ ಮಕ್ಕಳು ತರಗತಿ ಬಿಟ್ಟು ಅಂಗಳಕ್ಕೆ ಇಳಿದ ಪ್ರಸಂಗಗಳು ನಮ್ಮ ಜಿಲ್ಲೆಯಲ್ಲಿ ಒಂದೆರಡಲ್ಲ.

ಈ ಸಂಚಿಕೆಯ ಮಲಯಾಳ ಪುಟಗಳನ್ನು ಓದುವ ಗೆಳೆಯರಿಗೂ ಒಂದು ಮಾತು. ನಮ್ಮ ಜಗಳ ಮಲಯಾಳದೊಂದಿಗಲ್ಲ. ನಿಮ್ಮ ಭಾಷೆಗೆ ಗೌರವ ಬೇಕೆನ್ನುವ ಹಂಬಲ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮದೂ ಅದೇ ಹಂಬಲ. ನಮ್ಮ ಜಗಳ, ಇಬ್ಬರ ಮತವನ್ನೂ ಎಣಿಸಿ ಒಬ್ಬರ ಭಾಷೆಯನ್ನು ಮಾತ್ರ ಓದುವ ಆಡಳಿತದೊಂದಿಗೆ.

1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. ಬಳಿಕ ಕಳ್ಳಿಗೆ ಮಹಾಬಲ ಭಂಡಾರಿಯವರು ಮತ್ತೆ ಮತ್ತೆ ಗೆದ್ದರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಅವರ ಬೇಡಿಕೆ ಈಡೇರಲಿಲ್ಲ. ಆದರೆ ಅವರಿಗೆ ಮತ ಹಾಕಿದವನಿಗೆ ತಾನು ಯಾವುದಕ್ಕಾಗಿ ಹಾಕಿದೆನೆಂದು ಗೊತ್ತಿತ್ತು. ನಮಗೆ ಇಂದು ಗೊತ್ತಿರುವುದು ಯಾರನ್ನು ತಡೆಯಲು ಹಾಕಿದೆವು ಎಂಬುದು ಮಾತ್ರ.

ಆದುದರಿಂದ ಬಂಧುಗಳೇ, ಮುಂದಿನ ಬಾರಿ ಮತ ಕೇಳಲು ಅಂಗಳಕ್ಕೆ ಬಂದವರಿಗೆ, ಅವರು ಯಾವ ಬಣ್ಣದ ಶಾಲು ಹೊದ್ದಿದ್ದರೂ, ಎಳನೀರು ಕೊಟ್ಟು ಮೂರು ಪ್ರಶ್ನೆ ಕೇಳಿ. ಕನ್ನಡ ಮಾಧ್ಯಮದ ಹುದ್ದೆಗಳಿಗೆ ಕನ್ನಡ ಬಲ್ಲವರನ್ನೇ ನೇಮಿಸಲು ಏನು ಮಾಡುತ್ತೀರಿ? ಗ್ರಾಮ ಕಚೇರಿಯಿಂದ ಜಿಲ್ಲಾ ಕಚೇರಿಯವರೆಗೆ ಕನ್ನಡದ ಅರ್ಜಿ ನಮೂನೆ ಎಂದಿಗೆ ಬರುತ್ತದೆ? ನಿಮ್ಮ ಪಕ್ಷವೇ ಅಧಿಕಾರದಲ್ಲಿದ್ದು ನಮಗೆ ಅನ್ಯಾಯವಾದರೆ ಸದನದಲ್ಲಿ ಎದ್ದು ನಿಲ್ಲುತ್ತೀರಾ? ಉತ್ತರವನ್ನು ಎರಡು ಭಾಷೆಯಲ್ಲೂ ಬರೆಸಿಕೊಂಡು, ಕೆಳಗೆ ಸಹಿ ಹಾಕಿಸಿ, ಮನೆಯ ಜಗಲಿಯಲ್ಲಿ ತೂಗುಹಾಕಿ. ಸಹಿ ಹಾಕದವರಿಗೆ ಎಳನೀರು ಮಾತ್ರ ಸಾಕು, ಮತ ಬೇಡ.